ಅಲುಗಾಡುವ ಸ್ಟೂಲಿಗೆ ನಾಲ್ಕು ಬೋಲ್ಟು

ಮೂರನೇ ತರಗತಿಯ ನಲವತ್ತು ಮಕ್ಕಳಿಗೆ ನಲವತ್ತು ಆಸನ: ಅಲುಗಾಡುವ ಸ್ಟೂಲು ಹದಿನಾರು, ನೆಲದ ಮೇಲಿನ ದಿಂಬು ಹನ್ನೆರಡು, ನಿಂತು ಬರೆಯುವ ಮೇಜು ಹನ್ನೆರಡು. ಒಪ್ಪಂದ ಇಷ್ಟೇ. ಸರಬರಾಜು ನಮ್ಮ ಅಂಗಡಿಯದು. ಮಕ್ಕಳೆಲ್ಲರ ಮೈಮನಸ್ಸು ಒಂದೇ ತೆರನಾಗಿಲ್ಲವಾದ್ದರಿಂದ ಪ್ರತಿ ಮಗುವೂ ತನಗೊಗ್ಗುವ ಆಸನವನ್ನು ತಾನೇ ಆರಿಸಿಕೊಳ್ಳತಕ್ಕದ್ದು ಎಂದು ಇಲಾಖೆಯ ಸುತ್ತೋಲೆ ಹೇಳಿತ್ತು.

ಆ ತರಗತಿಯಲ್ಲಿ ನನ್ನ ತಂಗಿಯ ಮೊಮ್ಮಗಳೂ ಇದ್ದಳು. ಮನೆಯಲ್ಲಿ ಅವಳನ್ನು ಬುಗುರಿ ಎಂದೇ ಕರೆಯುವುದು. ಬೆಂಚಿನ ಮೇಲೆ ಐದು ನಿಮಿಷ ಕೂತರೆ ಮೈಯಲ್ಲಿ ಇರುವೆ ಹರಿದಂತೆ ಏಳುತ್ತಿದ್ದವಳು, ಅಲುಗಾಡುವ ಸ್ಟೂಲು ಸಿಕ್ಕ ಮೊದಲ ವಾರವೇ ಭಾಗಾಕಾರ ಕಲಿತಳು. ಸ್ಟೂಲು ಅಲುಗಾಡುತ್ತಿತ್ತು, ಅವಳು ಒಂದು ಕಡೆ ನೆಲೆ ನಿಂತಿದ್ದಳು.

ಎರಡನೇ ವಾರ ದಾಸ್ತಾನು ಪರಿಶೀಲಕರು ಬಂದರು. ಅವರದು ಮೂವತ್ತು ವರ್ಷದ ಪದ್ಧತಿ: ಬಾಗಿಲಲ್ಲಿ ನಿಂತು, ದಾಸ್ತಾನು ಪುಸ್ತಕದಲ್ಲಿ ಬರೆದ ಜಾಗದಲ್ಲೇ ವಸ್ತು ಇದೆಯೇ ಎಂದು ನೋಡಿ, ಪೆನ್ಸಿಲಿನಲ್ಲಿ ಗುರುತು ಹಾಕುವುದು. ಮೂರು ಸಲ ಎಣಿಸಿದರು. ಮೂವತ್ತೆಂಟು, ನಲವತ್ತಮೂರು, ಮತ್ತೆ ಮೂವತ್ತೊಂಬತ್ತು ಬಂತು.

“ಟೀಚರೇ, ಇವು ಇರಬೇಕಾದ ಜಾಗದಲ್ಲಿಲ್ಲ.”

“ಸರ್, ಜಾಗ ಬದಲಿಸೋದಕ್ಕೇ ತರಿಸಿರೋದು.”

“ಬದಲಿಸಿ, ಬೇಡ ಅಂದವರು ಯಾರು? ಅರ್ಜಿ ಕೊಟ್ಟು ಬದಲಿಸಿ.”

ಅರ್ಜಿ ನಮೂನೆ ಅಚ್ಚಾಯಿತು. ಬುಗುರಿಯ ಅರ್ಜಿ ಹನ್ನೊಂದು ದಿನ ಓಡಾಡಿ, ‘ಅಲುಗಾಡುವ ಅಗತ್ಯ ಎಂದಿನಿಂದ ಎಂದಿನವರೆಗೆ ಎಂಬುದನ್ನು ನಮೂದಿಸಿಲ್ಲ’ ಎಂಬ ಷರಾದೊಂದಿಗೆ ಹಿಂದಿರುಗಿತು. ಅಷ್ಟರಲ್ಲಿ ಎಣಿಕೆಯ ಅನುಕೂಲಕ್ಕಾಗಿ ಸ್ಟೂಲುಗಳನ್ನು ನೆಲಕ್ಕೆ ಬಿಗಿಯಬೇಕೆಂದು ಆದೇಶ ಬಂತು. ಒಂದಕ್ಕೆ ನಾಲ್ಕು ಬೋಲ್ಟು. ದಿಂಬುಗಳಿಗೆ ಗೋಡೆಯಿಂದ ಸರಪಳಿ. ಬೋಲ್ಟೂ ಸರಪಳಿಯೂ ನಮ್ಮಲ್ಲಿದ್ದವು. ಬಾಗಿಲಿಗೆ ಬಂದ ಗಿರಾಕಿಯನ್ನು ವಾಪಸ್ ಕಳಿಸಲು ನಾನೇನು ಸನ್ಯಾಸಿಯಲ್ಲ. ಗೋಡೆಯ ಫಲಕವನ್ನೂ ನಾನೇ ಬರೆಸಿಕೊಟ್ಟೆ: ‘ಇವು ಅಲುಗಾಡುವ ಆಸನಗಳು. ಅಲುಗಾಡಿಸಬಾರದು.’

ಬುಗುರಿ ಮತ್ತೆ ತಿರುಗತೊಡಗಿದಳು. ಮುಂದಿನ ಶುಕ್ರವಾರ ಪರಿಶೀಲಕರ ಸಮಕ್ಷಮದಲ್ಲಿ ಒಂದು ಪೂರ್ತಿ ಪಾಠ ಕೂರದಿದ್ದರೆ ಮಗುವನ್ನು ಎರಡನೇ ತರಗತಿಗೆ ಇಳಿಸಲಾಗುವುದೆಂದು ಹೆಡ್‌ಮಾಸ್ತರರು ಮನೆಗೆ ಪತ್ರ ಕಳಿಸಿದರು. ತಂಗಿ ಆ ಪತ್ರ ಹಿಡಿದು ಅಂಗಡಿಗೆ ಬಂದಳು.

“ಅಣ್ಣಾ, ಸ್ಟೂಲು ಮಾರಿದ್ದೂ ನೀನೇ, ಅದಕ್ಕೆ ಬೇಡಿ ಹಾಕಿದ್ದೂ ನೀನೇ. ಮಗು ಎಲ್ಲಿ ಕೂರಬೇಕು, ನಿನ್ನ ತಲೆ ಮೇಲಾ?”

“ವ್ಯಾಪಾರ ಬೇರೆ, ನೆಂಟಸ್ತಿಕೆ ಬೇರೆ ಕಣಮ್ಮ.”

“ಸರಿ ಹಾಗಾದ್ರೆ. ಇವತ್ತಿಂದ ಊಟಾನೂ ವ್ಯಾಪಾರದ ಹತ್ರಾನೇ ಕೇಳು.”

ಹೆಂಡತಿ ತೀರಿಕೊಂಡಾಗಿನಿಂದ ನನ್ನ ಎರಡು ಹೊತ್ತಿನ ಊಟ ತಂಗಿಯ ಮನೆಯಲ್ಲಿ. ನಾಲ್ಕು ದಿನ ಹೋಟೆಲಿನಲ್ಲಿ ಉಂಡೆ. ಹೊಟ್ಟೆ ಕೆಟ್ಟಿತು, ಬುದ್ಧಿ ನೆಟ್ಟಗಾಯಿತು.

ಸ್ಟೂಲುಗಳು ಮರದ ಪೆಟ್ಟಿಗೆಗಳಲ್ಲಿ ಬಂದಿದ್ದವು. ಅವನ್ನು ಸೌದೆಗೆಂದು ಹಿತ್ತಲಿಗೆ ಎಸೆದಿದ್ದೆ. ತಳ ಸೊಟ್ಟಗಾಗಿದ್ದ ಒಂದನ್ನು ಹುಡುಕಿ, ಮೊಳೆ ಕಿತ್ತು, ಉಜ್ಜಿ, ಶುಕ್ರವಾರ ಬೆಳಗ್ಗೆ ತರಗತಿಯಲ್ಲಿಟ್ಟೆ. ಬುಗುರಿ ಅದರ ಮೇಲೆ ಕೂತು, ಅತ್ತಿತ್ತ ವಾಲುತ್ತ, ಗಂಟೆ ಹೊಡೆಯುವವರೆಗೆ ಏಳಲಿಲ್ಲ. ಕೇಳಿದ ಮೂರೂ ಲೆಕ್ಕಕ್ಕೆ ಸರಿಯುತ್ತರ ಕೊಟ್ಟಳು.

ಪರಿಶೀಲಕರು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದರು. “ಇದರ ಸಂಖ್ಯೆ ಎಷ್ಟು?”

“ಸಂಖ್ಯೆ ಇಲ್ಲ ಸ್ವಾಮಿ. ಇದು ಆಸನ ಅಲ್ಲ, ಆಸನ ಬಂದ ಪೆಟ್ಟಿಗೆ,” ಎಂದೆ.

ಅವರು ದಾಸ್ತಾನು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು. ಪೆಟ್ಟಿಗೆ ಎಲ್ಲೂ ಇರಲಿಲ್ಲ. ಪುಸ್ತಕದಲ್ಲಿ ಇಲ್ಲದ್ದು ಕೋಣೆಯಲ್ಲಿ ಇರಲು ನಿಯಮದಲ್ಲಿ ಅವಕಾಶವಿಲ್ಲ.

“ಹಾಗಾದರೆ ಮಗು ಯಾವುದರ ಮೇಲೆ ಕೂತಿದೆ?” ಎಂದು ಹೆಡ್‌ಮಾಸ್ತರರನ್ನು ಕೇಳಿದರು.

“ದಾಖಲೆಯ ಪ್ರಕಾರ ಯಾವುದರ ಮೇಲೂ ಇಲ್ಲ ಸರ್.”

ಪರಿಶೀಲಕರು ಕನ್ನಡಕ ಒರೆಸಿಕೊಂಡು ವರದಿ ಬರೆದರು: ‘ಮಗುವು ಯಾವುದೇ ಆಸನವಿಲ್ಲದೆ ಪೂರ್ತಿ ಪಾಠ ಕುಳಿತಿತು. ಶ್ಲಾಘನೀಯ.’

ಸೋಮವಾರ ಉಳಿದ ಮೂವತ್ತೊಂಬತ್ತು ಮಕ್ಕಳೂ ಪೆಟ್ಟಿಗೆ ಕೇಳಿದರು. ಸ್ಟೂಲಿನವು ಸಾಲದೆ, ಬೇರೆ ಸಾಮಾನಿನ ಪೆಟ್ಟಿಗೆಗಳನ್ನೂ ಕಳಿಸಿಕೊಟ್ಟೆ. ಬೇಕಾದ ಕಡೆ ಎಳೆದುಕೊಂಡು, ಬೇಕಾದಂತೆ ಕೂತರು. ಕೆಲವರು ಅದನ್ನೇ ಮೇಜು ಮಾಡಿಕೊಂಡು ಬರೆದರು, ಒಬ್ಬ ಒಳಗೇ ಕೂತು ಓದಿದ. ಆಸನಗಳಿಗೆ ದೂಳು ಕೂರಬಾರದೆಂದು ಬಟ್ಟೆ ಹೊದಿಸಲಾಯಿತು. ಎಣಿಕೆ ಪ್ರತಿ ಸಲವೂ ನಲವತ್ತೇ ಬಂತು. ಇಲಾಖೆ ಈ ಶಾಲೆಯನ್ನು ಮಾದರಿ ಎಂದು ಘೋಷಿಸಿ, ಇನ್ನೂ ಆರು ಶಾಲೆಗಳಿಗೆ ಅದೇ ಆಸನ, ಅದೇ ಬೋಲ್ಟು ಪೂರೈಸಲು ಶಾಲೆಯ ಮೂಲಕ ನನಗೆ ಆದೇಶ ಕೊಟ್ಟಿತು. ಪೆಟ್ಟಿಗೆಗಳನ್ನು ಜೋಪಾನವಾಗಿ ಬಿಚ್ಚತಕ್ಕದ್ದು ಎಂದು ಟೀಚರು ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಸೇರಿಸಿದ್ದರು.

ಒಟ್ಟಾರೆ ಗಳಿಕೆ: ಇಲಾಖೆಗೆ ಅಲುಗಾಡದ ನಲವತ್ತು ಆಸನ, ಮಕ್ಕಳಿಗೆ ಪುಸ್ತಕದಲ್ಲಿ ಇಲ್ಲದ ನಲವತ್ತು ಪೆಟ್ಟಿಗೆ, ಬುಗುರಿಗೆ ನಾಲ್ಕನೇ ತರಗತಿ, ನನಗೆ ಆರು ಶಾಲೆ ಮತ್ತು ತಂಗಿಯ ಮನೆಯಲ್ಲಿ ಎರಡು ಹೊತ್ತಿನ ಊಟ. ಅಲ್ಲಿ ನಾನು ಈಗ ಕೂರುವುದು ಪೆಟ್ಟಿಗೆಯ ಮೇಲೆ. ನನ್ನ ಕುರ್ಚಿಯನ್ನು ತಂಗಿ ನೆಲಕ್ಕೆ ಬೋಲ್ಟು ಹಾಕಿ ಬಿಗಿಸಿದ್ದಾಳೆ, ಮೇಜಿನಿಂದ ಎರಡು ಮಾರು ದೂರಕ್ಕೆ.