ಬಿಳಿ ಬನಿಯನ್ನಿನ ಹಳದಿ ಕಲೆ

"ಕಲೆ ನನ್ನ ಕೈಯದಲ್ಲ ಅಂತ ಆ ಮ್ಯಾನೇಜರಿಗೆ ಹೇಳಿ."

ನನ್ನ ಹೆಂಡತಿ ಸಾಯುವಾಗ ಕೊನೆಗೆ ಆಡಿದ ಮಾತು ಇದು. ಮಕ್ಕಳ ವಿಷಯ ಇಲ್ಲ, ನನ್ನ ಊಟದ ವಿಷಯ ಇಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ನಾನು ಇಸ್ತ್ರಿ, ಅವಳು ಪ್ಯಾಕಿಂಗ್. ಅಲ್ಲಿ ಒಬ್ಬರ ತಪ್ಪು ಇನ್ನೊಬ್ಬರ ತಲೆಗೆ ಕಟ್ಟೋದು ನಡೀತಾನೇ ಇರುತ್ತೆ.

೧. ಅರಿಶಿನ

ಕವರಿಗೆ ಹಾಕಿ ಪೆಟ್ಟಿಗೆ ಕಟ್ಟಿದ ಬಿಳಿ ಬನಿಯನ್ ತಿಂಗಳಲ್ಲಿ ಹಳದಿ ಆಯಿತು. ಮ್ಯಾನೇಜರು ಕರ್ನಾಟಕದವರು, ದೊಡ್ಡ ಓದು. ಪ್ಯಾಕಿಂಗ್ ಹೆಂಗಸರ ಮುಖ ಒಂದೊಂದಾಗಿ ನೋಡಿದರು. ನನ್ನವಳ ಮುಖದಲ್ಲಿ ಅರಿಶಿನ ಜಾಸ್ತಿ.

"ಸಿಕ್ಕಿತು ಕಾರಣ," ಅಂದರು.

ಅವಳನ್ನು ನೂಲು ಕತ್ತರಿಸುವ ಮೇಜಿಗೆ ಹಾಕಿದರು. ಅರಿಶಿನ ಹಚ್ಚಿ ಬರಬಾರದು ಅಂತ ಗೋಡೆಗೆ ನೋಟೀಸು ಅಂಟಿಸಿದರು.

ಮುಂದಿನ ವಾರ ಆಯುಧಪೂಜೆ. ಮೆಷಿನ್ನುಗಳಿಗೆಲ್ಲ ಮ್ಯಾನೇಜರೇ ಅರಿಶಿನ ಬಳಿದರು.

೨. ಸೋಪು

ಅವಳು ಹಳದಿ ಆದ ಬನಿಯನ್ ಹಿಡಿದು ಮ್ಯಾನೇಜರ ಹತ್ತಿರ ಹೋದಳು.

"ಸಾರ್, ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತೆ. ಇದು ಆಗಲ್ಲ, ನೋಡಿ." ಉಜ್ಜಿದಳು. ಆಗಲಿಲ್ಲ.

"ಇದೆಲ್ಲ ಅಡುಗೆಮನೆ ಮಾತಮ್ಮ. ಲ್ಯಾಬ್ ಹೇಳಬೇಕು."

"ಹಾಗಾದರೆ ಲ್ಯಾಬಿಗೆ ಕಳಿಸಿ."

"ಅರಿಶಿನ ಅಂತ ಗೊತ್ತಿರುವಾಗ ಲ್ಯಾಬ್ ಯಾಕೆ?"

೩. ಕಾವಲುಗಾರರು

ಅವಳು ಹೋಗಿ ಮೂರು ತಿಂಗಳಾಯಿತು. ಬನಿಯನ್ ಹಳದಿ ಆಗುತ್ತಲೇ ಇತ್ತು.

"ಅಲ್ಲಿಂದ ಬಂದು ಪ್ಯಾಕ್ ಮಾಡ್ತಾಳಾ ಸಾರ್?" ಅಂದೆ.

ಆಗ ಬನಿಯನ್ ಲ್ಯಾಬಿಗೆ ಹೋಯಿತು. ಲ್ಯಾಬಿನವರು ಕಾಗದ ಹಿಡಿದು ಬಂದರು.

"ತಪ್ಪು ಕವರಿನದು ಅಣ್ಣಾ. ಪ್ಲಾಸ್ಟಿಕ್ ಬೇಗ ಹಾಳಾಗದಿರಲಿ ಅಂತ ಬಿಎಚ್‌ಟಿ ಅನ್ನೋ ಮದ್ದು ಬೆರೆಸ್ತಾರೆ. ಅದರಲ್ಲಿ ಟರ್ಷರಿ ಬ್ಯುಟೈಲ್ ಅಂತ ಎರಡು ದಪ್ಪ ಪರಮಾಣು ಗುಂಪು, ಬಾಗಿಲ ಎರಡೂ ಕಡೆ ನಿಂತ ಕಾವಲುಗಾರರ ಥರ. ಪ್ಲಾಸ್ಟಿಕ್ಕನ್ನು ಚೆನ್ನಾಗಿ ಕಾಯುತ್ತೆ. ಆದರೆ ಆ ಮದ್ದು ಮೆಲ್ಲಗೆ ಬಟ್ಟೆಗೆ ಇಳಿಯುತ್ತೆ. ಡೀಸೆಲ್ ಹೊಗೆ ಸೇರಿದರೆ ಹಳದಿ."

ಗೋಡೌನಿಗೆ ಅಂಟಿಕೊಂಡೇ ಡೀಸೆಲ್ ಜನರೇಟರು. ಅಲ್ಲಿ ಇಡಿಸಿದ್ದು ಮ್ಯಾನೇಜರು.

"ಈ ಕವರು ಆರಿಸಿದ್ದು ಯಾರು?" ಲ್ಯಾಬಿನವರು ಕೇಳಿದರು.

ಮ್ಯಾನೇಜರು ಫೋನು ಕಿವಿಗಿಟ್ಟು ಹೊರಗೆ ಹೋದರು. ಫೋನು ಬಂದೇ ಇರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಆ ಕಾಗದ ಕೊಟ್ಟು ಮ್ಯಾನೇಜರನ್ನು ಪ್ಯಾಕಿಂಗ್ ಹೆಂಗಸರ ಮುಂದೆ ನಿಲ್ಲಿಸಿದೆ.

"ಓದಿ ಸಾರ್. ನನಗೆ ಇಂಗ್ಲಿಷ್ ಬರಲ್ಲ."

ಇಂಗ್ಲಿಷಿನಲ್ಲೇ ಓದಿದರು.

"ಇವರಿಗೆ ತಿಳೀಬೇಡವಾ?"

ತಮಿಳಿನಲ್ಲಿ ತಡವರಿಸಿದರು. ಹೆಂಗಸರು ನಕ್ಕರು.

"ಈಗ ಕನ್ನಡದಲ್ಲಿ. ನಮ್ಮ ಮನೆ ಮಾತು."

ಮ್ಯಾನೇಜರು ನೆಲ ನೋಡಿಕೊಂಡು ಗೊಣಗಿದರು: "ಆಯಮ್ಮನ ತಪ್ಪೇನೂ ಇರಲಿಲ್ಲ."

"ಇನ್ನೂ ಜೋರಾಗಿ ಸಾರ್," ಅಂದೆ. "ಅವಳು ಈಗ ಸ್ವಲ್ಪ ದೂರ."