ಯಾರೂ ಇಲ್ಲದ ಫೋಟೋ

ತಿಪ್ಪೇರುದ್ರನ ಆ ದಿನದ ಫಜೀತಿಗೆಲ್ಲ ಕಾರಣ ಒಂದೇ ಒಂದು ಷರತ್ತು: ಚಿತ್ರದಲ್ಲಿ ಮನುಷ್ಯರಿರಬಾರದು.

ಚಳ್ಳಕೆರೆಯ ಹುಲ್ಲುಗಾವಲು ಗೆಳೆಯರ ಸಂಘ ಫೋಟೋ ಸ್ಪರ್ಧೆ ಇಟ್ಟಿತ್ತು. ಊರಾಚೆ ಕಾಯ್ದಿಟ್ಟಿರುವ ಹುಲ್ಲಿನ ಕಾವಲು ಹೇಗಿದೆಯೋ ಹಾಗೇ ಕಾಣಬೇಕು. ಮನುಷ್ಯ, ಮನೆ, ವಾಹನ ಒಂದೂ ಕೂಡದು. ಗೆದ್ದ ಚಿತ್ರವನ್ನು ತೆಗೆದವನ ಹೆಸರಿನ ಸಮೇತ ಸಂಘದ ಗೋಡೆಗೆ ಹಾಕುತ್ತಾರೆ. ತಿಪ್ಪೇರುದ್ರ ಇಷ್ಟು ಕಾಲ ತೆಗೆದದ್ದು ಮದುವೆ, ನಾಮಕರಣಗಳನ್ನೇ. ಆಲ್ಬಮ್ ನೋಡಿದವರೆಲ್ಲ ತಮ್ಮ ಮುಖ ಹುಡುಕಿ, ಸಿಕ್ಕ ಮೇಲೆ ಪುಟ ಮಗುಚುತ್ತಿದ್ದರೇ ಹೊರತು, ತೆಗೆದವನು ಯಾರೆಂದು ಒಬ್ಬರೂ ಕೇಳಿದ್ದಿಲ್ಲ. ಒಂದೇ ಒಂದು ಸಲ ತನ್ನ ಹೆಸರು ಗೋಡೆಯ ಮೇಲಿರಬೇಕು ಎಂಬುದು ಅವನ ಆಸೆ. ಚಿತ್ರ ಕೊಡಲು ಅಂದೇ ಕಡೆಯ ದಿನ.

ಒಬ್ಬನೇ ಹೋಗಬೇಕೆಂದಿದ್ದ. ಬೈಕು ಕೈಕೊಟ್ಟಿತು. ದುರುಗೇಶನ ಆಟೋ ಕರೆದ. ದುರುಗೇಶ ಬರುವ ದಾರಿಯಲ್ಲೇ ಪಕ್ಕದ ಮನೆಯ ಕೆಂಚಕ್ಕನಿಗೆ ಸುದ್ದಿ ಮುಟ್ಟಿಸಿದ್ದ. ಅವಳು ಮೊಳಕಾಲ್ಮೂರು ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಮೊದಲೇ ಆಟೋದಲ್ಲಿ ಕೂತಿದ್ದಳು. ಬೀದಿಯ ಕೊನೆಯಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರು ರಾಜಣ್ಣ ಕೈ ಅಡ್ಡ ಹಿಡಿದರು. ನುಗ್ಗೆಕಾಯಿಯಂಥ ಕತ್ತಿಗೆ ಬಿಳಿ ಮಫ್ಲರ್ ಸುತ್ತಿ, ಹೆಗಲಿಗೆ ಕಂದು ಕಂಬಳಿ ಏರಿಸಿ, ತಲೆಗೆ ಆಗಷ್ಟೇ ಕಪ್ಪು ಬಳಿದುಕೊಂಡಿದ್ದರು. ಫೋಟೋ ಎಂದರೆ ಶಿಸ್ತು ಬೇಕು, ಶಿಸ್ತು ಎಂದರೆ ತಾವಿರಬೇಕು ಎನ್ನುತ್ತ ಹತ್ತಿಯೇಬಿಟ್ಟರು.

ಕಾವಲು ತಲುಪಿದಾಗ ಎಳೆಬಿಸಿಲು ಹದವಾಗಿತ್ತು. ಸೊಂಟದುದ್ದ ಹುಲ್ಲು ಬಂಗಾರಕ್ಕೆ ತಿರುಗಿತ್ತು. ಮೋಡದ ನೆರಳು ಅದರ ಮೇಲೆ ಮೆಲ್ಲಗೆ ಸಾಗುತ್ತಿತ್ತು. ತಿಪ್ಪೇರುದ್ರನಿಗೆ ಅಷ್ಟೂ ಮದುವೆಗಳು ಮರೆತುಹೋದವು. ಕ್ಯಾಮೆರಾ ಕಣ್ಣಿಗೆ ಹಿಡಿದ. ನಟ್ಟನಡುವೆ ಕೆಂಚಕ್ಕ ಸೆರಗು ಹೊದ್ದು ನಿಂತಿದ್ದಳು.

“ಅಕ್ಕಾ, ಈ ಕಡೆ ಬಾರಕ್ಕ. ಫೋಟೋದಾಗೆ ಯಾರೂ ಇರಂಗಿಲ್ಲ.”

ಕೆಂಚಕ್ಕ ಹುಲ್ಲನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. “ಯಾರೂ ಇಲ್ದಿದ್ರೆ ಅದು ಯಾರ್ ಫೋಟೋನಪ್ಪ?”

ಅವಳನ್ನು ಪುಸಲಾಯಿಸಿ ಕರೆತರುವಷ್ಟರಲ್ಲಿ ದುರುಗೇಶ, ಬರೀ ಹುಲ್ಲು ಬೋಳು ಬೋಳಾಗಿ ಕಾಣುತ್ತದೆಂದು, ಆಟೋವನ್ನು ತಂದು ಮಧ್ಯಕ್ಕೆ ನಿಲ್ಲಿಸಿದ್ದ. ಅದನ್ನು ತೆಗೆಸಿದರೆ ಆಚೆ ತುದಿಯ ಬಂಡಿ ಜಾಡಿನಲ್ಲಿ ಒಂದರ ಹಿಂದೊಂದು ಬೈಕು, ಅವುಗಳ ಹಿಂದೆ ಕುರಿಮಂದೆ. ಬಿಸಿಲೇರುತ್ತಿತ್ತು. ತಿಪ್ಪೇರುದ್ರ ಹೆಣ್ಣೊಪ್ಪಿಸಿ ಕಳಿಸುವ ತಂದೆಯಂತೆ ಕ್ಯಾಮೆರಾ ಎದೆಗವಚಿಕೊಂಡು ನಿಂತ.

ಆಗ ಮೇಷ್ಟ್ರು ಮುಂದೆ ಬಂದರು. ತಾವು ಆ ತುದಿಗೆ ಹೋಗಿ ಜಾಡಿನಲ್ಲಿ ಬರುವವರನ್ನೆಲ್ಲ ತಡೆಯುವುದಾಗಿಯೂ, ಇವನು ಕರ್ಚೀಫು ಬೀಸಿದೊಡನೆ ಕಂಬಳಿ ಹೊದ್ದು ಹುಲ್ಲಿನಲ್ಲಿ ಮಲಗಿಬಿಡುವುದಾಗಿಯೂ ಹೇಳಿದರು. ಹಾಗೇ ಆಯಿತು. ದೂರದಲ್ಲಿ ಸೀಟಿ ಕೇಳಿಸಿತು, ಬೈಕುಗಳು ನಿಂತವು, ಕುರಿಗಳು ಹಿಂದೆ ಸರಿದವು. ಕರ್ಚೀಫು ಬೀಸಿದ. ಮೇಷ್ಟ್ರು ಮಾಯ. ಎದುರಿಗೆ ಹುಲ್ಲು, ಗಾಳಿ, ಆಕಾಶ, ಅಷ್ಟೇ. ಉಸಿರು ಬಿಗಿಹಿಡಿದು ಒಂದೇ ಒಂದು ಫೋಟೋ ತೆಗೆದ. ಮರುಗಳಿಗೆ ಕುರಿಗಳು ನುಗ್ಗಿದವು.

ಸಂಜೆ ಮೇಷ್ಟ್ರನ್ನೂ ಕರೆದುಕೊಂಡು ಸಂಘಕ್ಕೆ ಹೋದ. ಕಾರ್ಯದರ್ಶಿ ಸಿದ್ದಲಿಂಗೇಶ್ ಚಿತ್ರವನ್ನು ಕಂಪ್ಯೂಟರಿಗೆ ಹಾಕಿ ನೋಡಿದರು. ದೊಡ್ಡದು ಮಾಡಿ ನೋಡಿದರು. ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು.

“ಎರೆಭೂತ,” ಎಂದರು ಪಿಸುದನಿಯಲ್ಲಿ. ಒಂದು ಕಾಲಕ್ಕೆ ಇಂಥ ಹುಲ್ಲಿನಲ್ಲಿ ಓಡಾಡುತ್ತಿದ್ದ, ಈಗ ಯಾರ ಕಣ್ಣಿಗೂ ಬೀಳದ ದೊಡ್ಡ ಹಕ್ಕಿ ಅದು. “ನೋಡ್ರಿ, ಕರಿ ನೆತ್ತಿ, ಬೆಳ್ಳಗೆ ಉದ್ದ ಕುತ್ತಿಗೆ, ಕಂದು ಬೆನ್ನು. ಗಂಡೇ ಇದು.”

ತಿಪ್ಪೇರುದ್ರ ಬಗ್ಗಿ ನೋಡಿದ. ದೂರದಲ್ಲಿ, ಮಸುಕಾಗಿ, ಎಲ್ಲರೂ ಶಿಸ್ತಿನಿಂದಿದ್ದಾರೋ ಇಲ್ಲವೋ ಎಂದು ಕತ್ತೆತ್ತಿ ಪಕ್ಕಕ್ಕೆ ನೋಡುತ್ತಿತ್ತು. ಗಂಡೇ ಹೌದು. ನಿವೃತ್ತಿಯಾಗಿತ್ತು.

ನಿಜ ಹೇಳಿದರೆ ಚಿತ್ರದಲ್ಲಿ ಮನುಷ್ಯನಿದ್ದಾನೆ, ಸ್ಪರ್ಧೆಯಿಂದ ಹೊರಕ್ಕೆ. ಹೇಳದಿದ್ದರೆ ಗೋಡೆ, ಹೆಸರು. ಅವನು ಬಾಯಿಗೆ ಬಂದದ್ದನ್ನು ನುಂಗಿಕೊಂಡ.

“ಮೊದಲ ಬಹುಮಾನ ಇದಕ್ಕೇ,” ಎಂದರು ಸಿದ್ದಲಿಂಗೇಶ್. “ಆದ್ರೆ ಗೋಡೆಗೆ ಹಾಕಂಗಿಲ್ಲ. ಹಕ್ಕಿ ಐತೆ ಅಂತ ಗೊತ್ತಾದ್ರೆ ನಾಳೆ ಊರಿಗೂರೇ ಅಲ್ಲಿ ನೆರಿತೈತೆ. ನಿಮ್ಮ ಹೆಸರೂ ಎಲ್ಲೂ ಬರಬಾರ್ದು. ಎಲ್ಲಿ ತೆಗೆದ್ರಿ ಅಂತ ಜನ ಬಿಡಲ್ಲ. ನೀವಲ್ದೆ ಬೇರೆ ಯಾರಾದ್ರೂ ಇದನ್ನ ನೋಡಿದಾರಾ?”

ಮೇಷ್ಟ್ರು ಎದ್ದು ಬಂದು, ಪರದೆಯ ಮೇಲಿನ ತಮ್ಮನ್ನೇ ಭಕ್ತಿಯಿಂದ ನೋಡಿದರು. “ನಾನು ನೋಡಿದ್ನಲ್ರೀ. ನಾನು ಮಲಗಿದ್ ಜಾಗದಾಗೇ ಇತ್ತು.”

ಸಿದ್ದಲಿಂಗೇಶ್ ಕೈಮುಗಿದೇಬಿಟ್ಟರು. ತೀರ್ಮಾನವೂ ಅಲ್ಲೇ ಆಯಿತು. ಎರೆಭೂತ ಬೀರುವಿನೊಳಗೆ, ಬೀಗ ಹಾಕಿ. ಗೋಡೆಯನ್ನು ಖಾಲಿ ಬಿಡುವಂತಿಲ್ಲವಲ್ಲ; ಹಕ್ಕಿಯ ಸುದ್ದಿ ಎತ್ತದೆ, ಕಾವಲಿಗೆ ಕಾವಲಾದ ಹಿರಿಯರೆಂದು ಮೇಷ್ಟ್ರ ಚಿತ್ರ, ಕೆಳಗೆ ಅವರ ಹೆಸರು.

ಹೊರಗೆ ಬಂದವರೇ ಮೇಷ್ಟ್ರು ಮಫ್ಲರ್ ಸರಿಮಾಡಿಕೊಂಡು ಸಂಘದ ಬಿಳಿ ಗೋಡೆಗೆ ಬೆನ್ನು ಕೊಟ್ಟು ಎದೆಯುಬ್ಬಿಸಿ ನಿಂತರು.

“ತೆಗಿಯಪ್ಪ ಒಂದು. ನಾನೊಬ್ಬನೇ ಕಾಣಬೇಕು ನೋಡು. ಹಿಂದೆ ಮುಂದೆ ಹುಲ್ಲು ಗಿಲ್ಲು ಏನೂ ಬರಂಗಿಲ್ಲ.”