ಮಾತ್ರೆ ಭಾವನಿಗೆ, ಮಾತು ನನಗೆ

ಕಾಪು ಪೇಟೆಯ ನನ್ನ ಟೈಲರ್ ಅಂಗಡಿಯಲ್ಲಿ ಆ ಸಂಜೆ ನಾನು ಮಿಷನ್ ತುಳಿಯುತ್ತಿದ್ದೆ. ಹೆಂಡತಿ ಸುಮತಿ ರವಿಕೆಗಳಿಗೆ ಹುಕ್ಸ್ ಹಾಕುತ್ತಿದ್ದಳು.

"ಈ ವಯಸ್ಸಿನವರೆಗೆ ನಾನು ಡಾಕ್ಟರರ ಮುಖ ನೋಡಿದವನಲ್ಲ," ಎಂದೆ ಜಂಬದಿಂದ.

"ನಿಮ್ಮ ಮುಖ ನೋಡಿದರೆ ಡಾಕ್ಟ್ರೇ ರಜೆ ಹಾಕ್ತಾರೆ," ಎಂದಳು.

ಮರುದಿನ ಬೆಳಿಗ್ಗೆ ಅವಳ ಹೃದಯ ನಿಂತಿತು.

ಅಂಗಡಿಯ ಶಟರ್ ಇಳಿಯಿತು. ತಿಂಗಳುಗಳಾದರೂ ಮೇಲೇಳಲಿಲ್ಲ. ನಾನೂ ಅಷ್ಟೆ. ಮದುವೆಯ ಬಟ್ಟೆ ಕೊಟ್ಟವರು ಬೇರೆ ಟೈಲರನ್ನು ಹುಡುಕಿಕೊಂಡರು. ಇನ್ನು ಅಂಗಡಿಯೇ ಹೋದೀತು ಎಂಬ ಸ್ಥಿತಿ. ಕಾರ್ಕಳದಲ್ಲಿ ಅವಳ ಅಣ್ಣ ಸದಾನಂದ ಭಾವನಿಗೂ ಊಟವಿಲ್ಲ, ನಿದ್ರೆಯಿಲ್ಲ. ಕೊನೆಗೆ ನನ್ನ ಮಗಳು ಇಬ್ಬರನ್ನೂ ಮಣಿಪಾಲದ ಮನೋವೈದ್ಯರೊಬ್ಬರ ಮುಂದೆ ಕೂರಿಸಿದಳು. ಖಿನ್ನತೆ ಎಂದರು. ಇಬ್ಬರಿಗೂ ಮಾತ್ರೆ, ಇಬ್ಬರಿಗೂ ಕೌನ್ಸೆಲಿಂಗ್.

ಹೊರಗೆ ಬಂದು ಚಹಾ ಕುಡಿಯುವಷ್ಟರಲ್ಲಿ ನಾವಿಬ್ಬರೂ ವಿಜ್ಞಾನಿಗಳಾಗಿಬಿಟ್ಟಿದ್ದೆವು!

"ನನಗೆ ಮಾತ್ರೆಯೆಂದರೆ ಹೆದರಿಕೆ ಭಾವ," ಎಂದೆ.

"ನನಗೆ ಮಾತಾಡುವುದೆಂದರೆ ಹೆದರಿಕೆ. ಪಾಲು ಮಾಡುವ ಮಾರಾಯ್ರೆ! ಮಾತ್ರೆ ನನಗೆ, ಮಾತು ನಿಮಗೆ. ಯಾರು ಮೊದಲು ಸರಿಯಾಗ್ತಾರೆ ನೋಡುವ."

ಕಂಬಳದ ಕೋಣಗಳಂತೆ ಓಟಕ್ಕೆ ನಿಂತೆವು.

ಕೌನ್ಸೆಲರ್ ಚಿಕ್ಕ ಪ್ರಾಯದ ಹುಡುಗಿ. ಮನೆಯಲ್ಲಿ ನಮ್ಮದು ತುಳು. ಕನ್ನಡವನ್ನು ನಾನು ಬಳಸಿದ್ದು ಶಾಲೆ, ಕಚೇರಿ ಮತ್ತು ಯುವಕ ಮಂಡಲದ ವೇದಿಕೆಯಲ್ಲಿ. ಆದ್ದರಿಂದ ಗಂಟಲು ಸರಿಪಡಿಸಿಕೊಂಡು ಆರಂಭಿಸಿದೆ: "ಮಾನ್ಯರೇ, ನನ್ನ ಧರ್ಮಪತ್ನಿಯವರು ದೈವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇನೆ."

"ಅಂಕಲ್, ನಿಮಗೆ ಎಂತ ಆಗ್ತಾ ಉಂಟು?"

"ಸರ್ವರ ಸಹಕಾರದಿಂದ ಕ್ಷೇಮವಾಗಿದ್ದೇನೆ!"

ಕೊನೆಗೆ ಧನ್ಯವಾದ ಸಮರ್ಪಣೆಯನ್ನೂ ಮಾಡಿ ಎದ್ದೆ. ಮುಂದಿನ ಸಲವೂ ಅದೇ ಕಾರ್ಯಕ್ರಮ. ಚಪ್ಪಾಳೆ ಮಾತ್ರ ಬರಲಿಲ್ಲ.

ಭಾವನಾದರೂ ಗೆದ್ದಿರಬಹುದು ಎಂದು ಫೋನ್ ಮಾಡಿದೆ. "ಒಂದು ವಾರ ನುಂಗಿದೆ. ಏನೂ ಆಗಲಿಲ್ಲ. ಬಿಟ್ಟುಬಿಟ್ಟೆ," ಎಂದರು.

ಓಟದಲ್ಲಿ ಎರಡು ಕೋಣಗಳೂ ಮಲಗಿದ್ದವು! ಮಗಳು ಮತ್ತೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿ ನಮ್ಮ ಪಾಲಿನ ಕತೆ ಹೇಳಿದಳು.

"ಇದು ಸ್ಪರ್ಧೆಯಾ?" ಎಂದರು ಡಾಕ್ಟರು. "ಮಾತ್ರೆ ಮೆದುಳಿನ ರಾಸಾಯನಿಕಗಳ ಮೇಲೆ ಕೆಲಸ ಮಾಡ್ತದೆ. ದುಃಖ, ಭಯ ಎದ್ದು ಬರುವ ಒಳಭಾಗ ನಿಧಾನಕ್ಕೆ ತಣ್ಣಗಾಗ್ತದೆ. ಅದಕ್ಕೆ ಕೆಲವು ವಾರ ಬೇಕು. ಮಾತು ಹಾಗಲ್ಲ, ಅದು ಯೋಚನೆ ಮಾಡುವ ಭಾಗಕ್ಕೆ ಹೊಸ ಅಭ್ಯಾಸ ಕಲಿಸ್ತದೆ. ಕೆಲವರಿಗೆ ಒಂದೇ ಸಾಕು. ನಿಮಗೆ ಎರಡೂ ಬೇಕು."

"ಅಂದರೆ ಒಂದು ಲೈನಿಂಗ್, ಒಂದು ಬಟ್ಟೆ," ಎಂದೆ.

"ಹೌದು. ಕೌನ್ಸೆಲರ್ ಹೇಳಿದ್ರು, ನೀವು ಬರೀ ಭಾಷಣ ಹೊಲಿದಿದ್ದೀರಂತೆ."

ಮತ್ತೆ ಕೌನ್ಸೆಲರ್ ಎದುರು ಕುಳಿತೆ. ಈ ಸಲ ಭಾಷಣ ಬಿಟ್ಟು, ನಮ್ಮೂರಿನ ಪದ್ಧತಿಯಂತೆ ಅವಳನ್ನೇ ವಿಚಾರಿಸಿದೆ. ಯಾವ ಊರು, ಯಾರ ಮಗಳು? ಮದುವೆಗೆ ಒಬ್ಬ ಒಳ್ಳೆಯ ಹುಡುಗನಿದ್ದಾನೆ ಎಂದೂ ಹೇಳಿದೆ!

"ನಿಟ್ಟೆ," ಎಂದು ನಕ್ಕಳು. "ಹುಡುಗ ಬೇಡ ಅಂಕಲ್. ನನಗೂ ತುಳು ಬರ್ತದೆ. ತುಳುವಿನಲ್ಲೇ ಹೇಳಿ."

ಬಾಯಿ ತೆರೆದೆ. ಮಾನ್ಯರೇ ಬರಲಿಲ್ಲ, ವಿಷಾದ ಬರಲಿಲ್ಲ. ಅಳು ಬಂತು. ಧನ್ಯವಾದ ಹೇಳುವುದನ್ನೇ ಮರೆತೆ.

ಈಗ ಇಬ್ಬರೂ ಮಾತ್ರೆ ನುಂಗುತ್ತೇವೆ, ಇಬ್ಬರೂ ಮಾತಾಡುತ್ತೇವೆ. ನಿದ್ರೆ ಬರುತ್ತದೆ. ಅಂಗಡಿ ತೆರೆದಿದೆ. ಭಾನುವಾರ ಭಾವ ಕಾರ್ಕಳದಿಂದ ಬಸ್ಸಿನಲ್ಲಿ ಬರುತ್ತಾರೆ. ಗುಣವಾದದ್ದು ಮಾತ್ರೆಯಿಂದ ಎಂದು ಅವರು, ಮಾತಿನಿಂದ ಎಂದು ನಾನು, ಊಟ ತಣ್ಣಗಾಗುವವರೆಗೆ ವಾದಿಸುತ್ತೇವೆ. ಡಾಕ್ಟರು ಹೇಳಿದ ಆ ಮೆದುಳು ಇಬ್ಬರಿಗೂ ಇದೆ ಎಂದು ಧೈರ್ಯವಾಗಿ ನಂಬಿದ್ದೇವೆ!

ಅದು ಸುಳ್ಳೆಂದು ಹೇಳಲು ಸುಮತಿ ಇಲ್ಲ.